ಕೌದಿಗೆ ತಲೆಹೊಟ್ಟು ಬಂದಾಗ

ಹರಿದ ಬಟ್ಟೆಗೆ ರಫು ಹಾಕುವುದನ್ನು ಈ ವಾರ ಹೇಳಿಕೊಡುತ್ತೇನೆ ಎಂದು ಹೋದ ವಾರ ಮಾತು ಕೊಟ್ಟಿದ್ದೆ. ಮಕ್ಕಳೇ, ಆ ಮಾತನ್ನು ಒಂದು ವಾರ ಮುಂದಕ್ಕೆ ಹಾಕಲು ಅಪ್ಪಣೆ ಕೊಡಿ. ನಮ್ಮ ಮನೆಯಲ್ಲಿ ಒಂದು ಕೌದಿಗೆ ಕಾಯಿಲೆ ಬಂದಿತ್ತು. ಅದಕ್ಕೆ ಔಷಧ ಹುಡುಕುವಷ್ಟರಲ್ಲಿ ಈ ಅಜ್ಜಿಗೂ ಒಂದು ಪಾಠವಾಯಿತು. ಮರೆಯುವ ಮೊದಲೇ ಬರೆದುಬಿಡುತ್ತೇನೆ.

ನನ್ನ ದೊಡ್ಡ ಮೊಮ್ಮಗ ಹತ್ತನೇ ತರಗತಿ ಮುಗಿಸಿ ಕಾಲೇಜಿಗೆಂದು ಬೆಂಗಳೂರಿನ ಹಾಸ್ಟೆಲಿಗೆ ಹೊರಟಿದ್ದ. ಹೊರಡುವ ದಿನ ಭಾನುವಾರ. ಅವನ ತಂಗಿ ಏಳನೇ ತರಗತಿ. ಅಣ್ಣನ ಜೊತೆ ದಿನಕ್ಕೆ ನಾಲ್ಕು ಸಲ ಜಗಳವಾಡುವವಳು, ಅವನಿಗೆ ತಾನೇ ಒಂದು ಕೌದಿ ಹೊಲಿದು ಕೊಡಬೇಕೆಂದು ಹಟ ಹಿಡಿದಳು. ಮೇಲ್ಭಾಗಕ್ಕೆ ಅವನ ಹಳೆಯ ಅಂಗಿಗಳ ತುಂಡು ಹೊಂದಿಸಿದಳು. ನಡುನಡುವೆ ಹಾಕಲು ನಾನು ಟ್ರಂಕಿನಿಂದ ನಮ್ಮ ಅತ್ತೆಯವರ ಇಳಕಲ್ಲ ಸೀರೆಯೊಂದನ್ನು ತೆಗೆದುಕೊಟ್ಟೆ. ಮಡಿಕೆಯಲ್ಲಿ ಸವೆದು ಉಡಲಾರದಂತಾಗಿದ್ದ ಸೀರೆ ಅದು. ಆದರೂ ಕತ್ತರಿ ಹಾಕುವಾಗ ನನ್ನ ಕೈ ಒಂದು ಕ್ಷಣ ತಡೆಯಿತು.

ನಮ್ಮ ಧಾರವಾಡದ ಕಡೆಯ ಹಳೆಯ ಕೌದಿಯಲ್ಲಿ ಬಟ್ಟೆ ಬಿಟ್ಟರೆ ಬೇರೇನೂ ಇರುವುದಿಲ್ಲ. ಹಳೆಯ ಸೀರೆ, ಧೋತರ ಇವನ್ನು ಒಂದರ ಮೇಲೊಂದು ಹಾಸಿ, ಕೈಸೂಜಿಯಿಂದ ಸಣ್ಣ ಸಣ್ಣ ಓಟದ ಹೊಲಿಗೆ ಹಾಕಿ ಒಂದು ಮಾಡುತ್ತಾರೆ. ಉತ್ತರ ಕನ್ನಡದ ಯಲ್ಲಾಪುರ, ಹಳಿಯಾಳದ ಕಡೆ ಸಿದ್ದಿ ಸಮುದಾಯದ ಹೆಣ್ಣುಮಕ್ಕಳೂ ಕೌದಿ ಹೊಲಿಯುತ್ತಾರೆ. ಅವರು ಅಂಚಿನಿಂದ ಶುರು ಮಾಡಿ ಸುತ್ತುತ್ತ ಸುತ್ತುತ್ತ ನಡುವಿಗೆ ಬರುತ್ತಾರೆ. ಇಂಥ ಕೌದಿಗಳಲ್ಲಿ ಒಳಗೆ ತುಂಬಿದ್ದೇ ಬಟ್ಟೆಯಾದ್ದರಿಂದ ಹೊರಗೆ ಇಣುಕಲು ಅಲ್ಲಿ ಏನೂ ಇಲ್ಲ.

ಆದರೆ ನಮ್ಮಾಕಿಗೆ ಅವಸರ. ಕೈಹೊಲಿಗೆಗೆ ತಿಂಗಳುಗಟ್ಟಲೆ ಬೇಕು. ಪದರು ಹಾಸಲು ಅಷ್ಟು ಹಳೆಯ ಸೀರೆಗಳೂ ಮನೆಯಲ್ಲಿ ಉಳಿದಿರಲಿಲ್ಲ. ಹಾಗಾಗಿ ಪೇಟೆಯಿಂದ ಬಿಳಿ ಪಾಲಿಯೆಸ್ಟರ್ ವ್ಯಾಡಿಂಗ್ ತಂದೆವು. ಜಾಕೆಟ್ಟಿನ ಒಳಗೆ, ರಜಾಯಿಯ ಒಳಗೆ ಹಾಕುವ ಮೆತ್ತನೆಯ ಹಾಸು ಅದು. ಕೆಲವರು ಇದಕ್ಕೆ ಬ್ಯಾಟಿಂಗ್ ಎನ್ನುತ್ತಾರೆ. ಅಂಗಡಿಯಲ್ಲಿ ಆ ಮಾತು ಕೇಳಿದ ಮೊಮ್ಮಗ, 'ಹಂಗಾದ್ರ ಬೌಲಿಂಗ್ ಯಾರ್ದು?' ಎಂದು ನಗಾಡಿದ. ಕೆಳಗಿನ ಅಸ್ತರಿಗೆ ಕಡುನೀಲಿ ಹತ್ತಿ ಬಟ್ಟೆ. ಹಾಸ್ಟೆಲಿನಲ್ಲಿ ಕೊಳೆ ಕಾಣಬಾರದಲ್ಲ!

ಮೇಲೆ ತುಂಡು ಜೋಡಿಸಿದ ಬಟ್ಟೆ, ನಡುವೆ ವ್ಯಾಡಿಂಗ್, ಕೆಳಗೆ ಅಸ್ತರು. ಮೂರನ್ನೂ ನೆಲದ ಮೇಲೆ ಹಾಸಿ, ಸುಕ್ಕು ತೆಗೆದು, ದೊಡ್ಡ ದೊಡ್ಡ ಕಚ್ಚಾ ಹೊಲಿಗೆ ಹಾಕಿ ಕೂಡಿಸಿದೆವು. ಕೌದಿಯ ಅಗಲ ನಾಲ್ಕೂವರೆ ಅಡಿ, ಉದ್ದ ಏಳು ಅಡಿ. ಅಡ್ಡಡ್ಡಲಾಗಿ 4 ಇಂಚಿಗೊಂದರಂತೆ ಒಟ್ಟು 20 ಸಾಲು ಹೊಲಿಯಬೇಕಿತ್ತು. ಮೋಟಾರು ಕೂಡಿಸಿದ ನನ್ನ ಹಳೆಯ ಮಷೀನಿನ ಮುಂದೆ ಅವಳು ಕುಳಿತಳು. ಪಕ್ಕದಲ್ಲಿ ಕೌದಿಯ ಭಾರ ಹಿಡಿದು ನಾನು. ಮೇಲಿನ ದಾರ ಕೆನೆ ಬಣ್ಣದ್ದು, ಬಾಬಿನ್ನಿನ ದಾರ ನೀಲಿ. ಗುರುವಾರ ಸಂಜೆಗೆ 9 ಸಾಲು ಮುಗಿದವು. ಮೇಲಿನಿಂದ ನೋಡಿದರೆ ಕಣ್ಣಿಗೆ ಹಬ್ಬ.

ಆಮೇಲೆ ಅವಳು ಕೌದಿಯನ್ನು ತಿರುವಿದಳು.

'ಅಜ್ಜೀ, ಇಲ್ಲಿ ನೋಡು. ಕೌದಿಗೆ ತಲಿಹೊಟ್ಟು ಆಗೇದ!'

ನಿಜವಾಗಿಯೂ ಹಾಗೇ ಇತ್ತು. ಕಡುನೀಲಿ ಬಟ್ಟೆಯ ಮೇಲೆ ಹೊಲಿಗೆಯ ಸಾಲಿನುದ್ದಕ್ಕೂ ಬಿಳಿ ಬಿಳಿ ಚುಕ್ಕೆ. ಕರಿ ಕೋಟಿನ ಹೆಗಲ ಮೇಲೆ ಹೊಟ್ಟು ಉದುರಿದಂತೆ. ಒಂದೆರಡಲ್ಲ, ಒಂಬತ್ತೂ ಸಾಲಿಗೆ.

ಆಗ ನಾನು ಏನು ಮಾಡಬೇಕಿತ್ತು? ಕನ್ನಡಕ ಹಾಕಿಕೊಂಡು ನೋಡಬೇಕಿತ್ತು. ಅದರ ಬದಲು ಬಾಯಿ ತೆರೆದೆ. 'ನಾ ಹೇಳಿದ್ದೆ, ಬಟ್ಟಿ ಎಳೀಬ್ಯಾಡ ಅಂತ. ನೀ ಎಳದೆಳದು ಹೊಲದಿ, ಅದಕ್ಕ ಹಿಂಗಾತು' ಎಂದೆ. ಅವಳು, 'ನಾ ಎಳದಿಲ್ಲ ಅಜ್ಜಿ' ಎಂದಳು. 'ಎಳದಿಲ್ಲ ಅಂದ್ರ ತಾನ ಹೊರಗ ಬರ್ತದೇನು?' ಎಂದು ಇನ್ನಷ್ಟು ದನಿ ಏರಿಸಿದೆ. ಅವಳು ಸುಮ್ಮನಾದಳು. ನಲವತ್ತು ವರ್ಷ ಹೊಲಿಗೆ ಹೇಳಿಕೊಟ್ಟವಳ ಎದುರು ಏಳನೇ ತರಗತಿಯ ಹುಡುಗಿ ಇನ್ನೇನು ಹೇಳಿಯಾಳು?

ಸಿಟ್ಟಿನಲ್ಲಿ ಇನ್ನೊಂದು ತಪ್ಪನ್ನೂ ಮಾಡಿದೆ. ಒಂದು ಬಿಳಿ ಚುಕ್ಕೆಯನ್ನು ಉಗುರಿನಿಂದ ಹಿಡಿದು ಎಳೆದೆ. ಅದು ಕಿತ್ತು ಬರುತ್ತದೆ, ಅಲ್ಲಿಗೆ ಮುಗಿಯಿತು ಅಂದುಕೊಂಡಿದ್ದೆ. ಅದು ಉದ್ದಕ್ಕೆ ಬಂತು, ಹಿಂದೆ ಇನ್ನೆರಡು ಎಳೆಗಳನ್ನೂ ಕರೆದುಕೊಂಡು ಬಂತು. ಚುಕ್ಕೆಯಿದ್ದ ಕಡೆ ಈಗ ಬೆಕ್ಕಿನ ಮೀಸೆ! ವ್ಯಾಡಿಂಗಿನ ಎಳೆಗಳು ಒಂದಕ್ಕೊಂದು ಕೈ ಹಿಡಿದುಕೊಂಡೇ ಇರುತ್ತವೆ. ಒಂದನ್ನು ಎಳೆದರೆ ನೆರೆಯದೂ ಬರುತ್ತದೆ. ಇದನ್ನು ಮೊದಲು ನೆನಪಿಡಿ: ಹೊರಗೆ ಬಂದ ಎಳೆಯನ್ನು ಎಂದೂ ಎಳೆಯಬಾರದು.

'ಎಲ್ಲಾ ಬಿಚ್ಚಿ ಮತ್ತ ಹೊಲಿಯೋಣು' ಎಂದೆ. ಹೇಳುತ್ತಿದ್ದಂತೆಯೇ ಇಳಕಲ್ಲ ಸೀರೆಯ ತುಂಡುಗಳತ್ತ ಕಣ್ಣು ಹೋಯಿತು. ಅಷ್ಟು ಹಳೆಯ ಬಟ್ಟೆ ಒಂದು ಸಲ ಸೂಜಿ ತಡೆದುಕೊಂಡದ್ದೇ ಹೆಚ್ಚು. ಬಿಚ್ಚಲು ಹೋದರೆ ತೂತಿನ ಸಾಲಿಗೇ ಹರಿದು ಬರುತ್ತಿತ್ತು. ಇನ್ನೊಂದು ತುಂಡು ತರೋಣವೆಂದರೆ ಅದನ್ನು ಉಟ್ಟವರು ಹೋಗಿ ವರ್ಷಗಳಾದವು. ಆ ರಾತ್ರಿ ಕೌದಿ ಕುರ್ಚಿಯ ಮೇಲೆ, ಮೊಮ್ಮಗಳು ಮೂಲೆಯಲ್ಲಿ, ನಾನು ಅಡಿಗೆಮನೆಯಲ್ಲಿ. ಮೂವರಲ್ಲೂ ಮಾತಿಲ್ಲ.

ಶುಕ್ರವಾರ ಶಾಲೆಯಿಂದ ಬಂದವಳು ನೇರವಾಗಿ ಅಜ್ಜನ ಭೂತಗನ್ನಡಿ ತೆಗೆದುಕೊಂಡು ಕೌದಿಯ ಮುಂದೆ ಕುಳಿತಳು. ಗುಂಡುಪಿನ್ನಿನ ತುದಿಯಿಂದ ಒಂದೊಂದೇ ಚುಕ್ಕೆ ಮುಟ್ಟಿ ನೋಡತೊಡಗಿದಳು. ಸ್ವಲ್ಪ ಹೊತ್ತಿಗೆ, 'ಅಜ್ಜಿ, ಇವು ಎಲ್ಲಾ ಒಂದ ಥರಾ ಇಲ್ಲ' ಎಂದಳು.

ನೋಡಿದೆ. ಹುಡುಗಿ ಹೇಳಿದ್ದು ಸರಿ. ಹೆಚ್ಚಿನವು ಪಿನ್ನು ತಾಗಿದೊಡನೆ ಅರಳೆಯಂತೆ ಬಿಡಿಸಿಕೊಳ್ಳುತ್ತಿದ್ದವು. ಅವು ವ್ಯಾಡಿಂಗ್. ಆದರೆ ಕೊನೆಯ ಎರಡು ಸಾಲಿನ ಚುಕ್ಕೆಗಳು ಪಿನ್ನಿಗೆ ಸಿಕ್ಕಿ ಸಣ್ಣ ಕುಣಿಕೆಯಂತೆ ಏಳುತ್ತಿದ್ದವು. ಬಣ್ಣವೂ ಅಚ್ಚ ಬಿಳಿಯಲ್ಲ, ಕೆನೆ. ಅಂದರೆ ಅದು ಮೇಲಿನ ದಾರ! ಒಂದೇ ತರಹ ಕಾಣುವ ಎರಡು ಬೇರೆ ಕಾಯಿಲೆ. ಎರಡಕ್ಕೂ ಒಂದೇ ಗುಳಿಗೆ ನುಂಗಿಸಿದ್ದರೆ ಯಾವುದೂ ವಾಸಿಯಾಗುತ್ತಿರಲಿಲ್ಲ.

ದಾರದ ಕಾಯಿಲೆಗೆ ಕಾರಣ ಬೇಗ ಸಿಕ್ಕಿತು. ಮಷೀನಿನಲ್ಲಿ ಮೇಲಿನ ದಾರ, ಬಾಬಿನ್ನಿನ ದಾರ ಎರಡೂ ಬಟ್ಟೆಯ ನಡುಪದರಿನಲ್ಲಿ ಒಂದನ್ನೊಂದು ಹಿಡಿದುಕೊಳ್ಳಬೇಕು. ಹಗ್ಗಜಗ್ಗಾಟ ಇದ್ದ ಹಾಗೆ. ಎರಡೂ ಕಡೆಯ ಬಲ ಸಮ ಇದ್ದರೆ ಗಂಟು ನಡುವೆಯೇ ನಿಲ್ಲುತ್ತದೆ. ಮೇಲಿನ ದಾರ ಸಡಿಲಾದರೆ ಕೆಳಗಿನದು ಅದನ್ನು ತನ್ನತ್ತ ಎಳೆದುಕೊಂಡು ಅಸ್ತರಿನ ಮೇಲೆ ತೋರಿಸುತ್ತದೆ. ಮೇಲಿನದು ಹೆಚ್ಚು ಬಿಗಿಯಾದರೆ ಬಾಬಿನ್ನಿನ ದಾರ ಮೇಲೆ ಬಂದು ಕಾಣುತ್ತದೆ. ಏಳನೇ ಸಾಲು ಮುಗಿದಾಗ ದಾರ ಹರಿದಿತ್ತು, ನಾನೇ ಮತ್ತೆ ಪೋಣಿಸಿದ್ದೆ. ಆಗ ಪ್ರೆಸ್ಸರ್ ಪಾದ ಕೆಳಗೇ ಇತ್ತು. ಪಾದ ಕೆಳಗಿದ್ದಾಗ ದಾರ ಹಿಡಿಯುವ ಟೆನ್ಷನ್ ಬಿಲ್ಲೆಗಳು ಒತ್ತಿಕೊಂಡಿರುತ್ತವೆ. ದಾರ ಅವುಗಳ ನಡುವೆ ಸರಿಯಾಗಿ ಇಳಿಯದೆ ಅಂಚಿನಲ್ಲೇ ನಿಂತುಬಿಡುತ್ತದೆ. ಪಾದ ಎತ್ತಿ ಮತ್ತೆ ಪೋಣಿಸಿದೆವು. ಟೆನ್ಷನ್ ತಿರುಪು ಮುಟ್ಟುವ ಅಗತ್ಯವೇ ಬೀಳಲಿಲ್ಲ.

ಇನ್ನು ವ್ಯಾಡಿಂಗಿನ ಕಾಯಿಲೆ. ಮೊಮ್ಮಗಳು ನೋಟುಪುಸ್ತಕ ತಂದು ಗೆರೆ ಎಳೆದಳು. 'ಒಂದ ಸಲಕ್ಕ ಒಂದ ಬದಲಾ ಮಾಡಬೇಕು, ಅಂದ್ರ ಯಾವುದರಿಂದ ಏನಾತು ಗೊತ್ತಾಗ್ತದ ಅಂತ ನಮ್ಮ ಸೈನ್ಸ್ ಟೀಚರ್ ಹೇಳ್ಯಾರ' ಎಂದಳು. ಉಳಿದ ಬಟ್ಟೆಯಿಂದ ಅಂಗೈಗಿಂತ ಸ್ವಲ್ಪ ದೊಡ್ಡ ಚೌಕಗಳನ್ನು ಕತ್ತರಿಸಿ, ಮೂರು ಪದರು ಹಾಸಿ ಪುಟ್ಟ ಪುಟ್ಟ ಕೌದಿಗಳನ್ನು ಮಾಡಿದೆವು. ಪ್ರತಿಯೊಂದರ ಮೇಲೆ 10 ಸೆಂಟಿಮೀಟರಿನ ಒಂದೇ ಸಾಲು. ಹಿಂದೆ ತಿರುವಿ ಬಿಳಿ ಚುಕ್ಕೆ ಎಣಿಸುವುದು.

ಮೊದಲ ಚೌಕಕ್ಕೆ ಏನೂ ಬದಲಾಯಿಸಲಿಲ್ಲ. ಮಷೀನಿನಲ್ಲಿ ಇದ್ದ ಸೂಜಿ, ಇದ್ದ ದಾರ. 22 ಚುಕ್ಕೆ. ಎರಡನೆಯದಕ್ಕೆ ಬಟ್ಟೆಗೆ ಕೈಯನ್ನೇ ತಾಗಿಸದೆ, ಮಷೀನು ತಾನೇ ಎಳೆದುಕೊಳ್ಳುವಂತೆ ಬಿಟ್ಟೆವು. 21 ಚುಕ್ಕೆ. ಅವಳು ತಲೆ ಎತ್ತಿ ನನ್ನ ಮುಖ ನೋಡಿದಳು. ಏನೂ ಅನ್ನಲಿಲ್ಲ. ಎಳೆದದ್ದರಿಂದ ಹೀಗಾಯಿತು ಎಂಬ ನನ್ನ ತೀರ್ಪು ಅಲ್ಲಿಗೇ ಬಿದ್ದುಹೋಯಿತು.

ಮೂರನೆಯದಕ್ಕೆ ಸೂಜಿ ಬದಲಾಯಿಸೋಣವೆಂದು ಹಳೆಯದನ್ನು ಬಿಚ್ಚಿದಳು. ಅದರ ತುದಿಯನ್ನು ಹಳೆಯ ರೇಷ್ಮೆ ಸೆರಗಿನ ಮೇಲೆ ಮೆಲ್ಲಗೆ ಎಳೆದು ನೋಡಿದೆ. ಜಾರಬೇಕಾದ ಸೂಜಿ ಎಳೆಗೆ ಸಿಕ್ಕಿಕೊಂಡಿತು. ಭೂತಗನ್ನಡಿಯಲ್ಲಿ ನೋಡಿದರೆ ತುದಿ ಸವೆದು ಮೊಂಡಾಗಿತ್ತು.

'ಅಜ್ಜಿ, ಇದನ್ನ ಯಾವಾಗ ಹಾಕಿದ್ದಿ?'

ಏನು ಹೇಳಲಿ? ದೀಪಾವಳಿಗೆ ಹಾಕಿದ್ದೋ, ಅದರ ಹಿಂದಿನ ದೀಪಾವಳಿಗೋ! ಸೂಜಿ ಮುರಿಯುವವರೆಗೂ ಬದಲಾಯಿಸಬಾರದು ಎಂಬುದು ನನ್ನ ಲೆಕ್ಕ. ಬಳಿ ಬಂದ ಎಲ್ಲ ಹುಡುಗಿಯರಿಗೂ ಹಾಗೇ ಹೇಳಿಕೊಟ್ಟಿದ್ದೆ. ಈ ಕೌದಿ ಶುರು ಮಾಡುವ ದಿನ, 'ಹೊಸ ಸೂಜಿ ಹಾಕೋಣೇನಜ್ಜಿ?' ಎಂದು ಮೊಮ್ಮಗಳು ಕೇಳಿದ್ದಳು. 'ಛಲೋ ಅದ ಅಲ್ಲ, ಸುಮ್ನ ಯಾಕ ಖರ್ಚು?' ಎಂದವಳು ನಾನೇ. ಹೊಲಿಯುವವರು ಸಾಮಾನ್ಯವಾಗಿ ಇಟ್ಟುಕೊಳ್ಳುವ ಲೆಕ್ಕವೆಂದರೆ, ಸುಮಾರು 8 ಗಂಟೆ ಹೊಲಿದ ಮೇಲೆ ಸೂಜಿ ಬದಲಾಯಿಸುವುದು. ದೊಡ್ಡ ಕೆಲಸ ಶುರು ಮಾಡುವಾಗಲಂತೂ ಹೊಸದೇ ಇರಬೇಕು.

ಮೊಂಡು ಸೂಜಿಯಿಂದ ಯಾಕೆ ಹೀಗಾಗುತ್ತದೆ? ಮಕ್ಕಳೇ, ಒಂದು ಕಾಗದವನ್ನು ಚೂಪು ಪೆನ್ಸಿಲ್ಲಿನಿಂದ ಚುಚ್ಚಿ, ಮೊಂಡು ಪೆನ್ಸಿಲ್ಲಿನಿಂದಲೂ ಚುಚ್ಚಿ. ಚೂಪಾದದ್ದು ಸಣ್ಣ ತೂತು ಮಾಡಿ ಹೋಗುತ್ತದೆ. ಮೊಂಡಾದದ್ದು ಕಾಗದವನ್ನು ತನ್ನ ಮುಂದೆ ತಳ್ಳಿಕೊಂಡು ಹೋಗಿ ಹರಿಯುತ್ತದೆ. ಸೂಜಿಯ ಕಥೆಯೂ ಅದೇ. ಚೂಪು ಸೂಜಿ ವ್ಯಾಡಿಂಗಿನ ಎಳೆಗಳ ನಡುವೆ ದಾರಿ ಮಾಡಿಕೊಂಡು ಹೋಗುತ್ತದೆ. ಮೊಂಡು ಸೂಜಿ ಎಳೆಗಳನ್ನು ತಲೆಯ ಮೇಲೆ ಹೊತ್ತುಕೊಂಡು ಅಸ್ತರಿನ ಆಚೆಗೆ ಇಳಿಸಿ ಬರುತ್ತದೆ.

ಹೊಸ ಸೂಜಿ, ಅದೇ ದಪ್ಪದ್ದು ಹಾಕಿ ಮೂರನೆಯ ಚೌಕ ಹೊಲಿದೆವು. ಚುಕ್ಕೆ 22ರಿಂದ 10ಕ್ಕೆ ಇಳಿಯಿತು. ಇನ್ನು ಸೂಜಿಯ ದಪ್ಪ. ಮಷೀನಿನ ಸೂಜಿಯ ಪಾಕೀಟಿನ ಮೇಲೆ 100/16, 90/14, 75/11 ಹೀಗೆ ಎರಡೆರಡು ಸಂಖ್ಯೆ ಇರುತ್ತವೆ. ನಾವು ಅಂಗಡಿಯಲ್ಲಿ 16 ನಂಬರು, 14 ನಂಬರು ಎಂದು ಕೇಳುವುದು ಎರಡನೆಯದನ್ನು. ಮೊದಲನೆಯದು ಅಳತೆ. ಅದನ್ನು 100ರಿಂದ ಭಾಗಿಸಿದರೆ ಸೂಜಿಯ ದಪ್ಪ ಮಿಲಿಮೀಟರಿನಲ್ಲಿ ಸಿಗುತ್ತದೆ. 16 ನಂಬರಿನ ಸೂಜಿ 1 ಮಿಲಿಮೀಟರು, 14 ನಂಬರಿನದು 0.90, 11 ನಂಬರಿನದು 0.75. ನನ್ನ ಮಷೀನಿನಲ್ಲಿ ಇದ್ದದ್ದು 16. ಮೊಮ್ಮಗಳು ಲೆಕ್ಕ ಮಾಡಿ, 16ರ ತೂತಿನ ವಿಸ್ತೀರ್ಣ 11ರ ತೂತಿಗಿಂತ ಸುಮಾರು ಒಂದೂಮುಕ್ಕಾಲು ಪಟ್ಟು ಎಂದಳು. ಬಾಗಿಲು ದೊಡ್ಡದಾದಷ್ಟೂ ಒಳಗಿದ್ದವರು ಹೊರಗೆ ಬರುವುದು ಸುಲಭ.

14 ನಂಬರಿಗೆ 6 ಚುಕ್ಕೆ ಬಂದವು. 11 ನಂಬರಿಗೆ 4. ಹಾಗಾದರೆ 11 ಒಳ್ಳೆಯದಲ್ಲವೆ? ನಾವೂ ಹಾಗೇ ಅಂದುಕೊಂಡೆವು. ಆದರೆ ನಾಲ್ಕು ತುಂಡು ಕೂಡುವ ದಪ್ಪ ಜಾಗಕ್ಕೆ ಬಂದಾಗ ಆ ತೆಳು ಸೂಜಿ ಬಾಗಿತು. ನಮ್ಮ ದಾರವೂ ಅದರ ಸಣ್ಣ ಕಣ್ಣಿನಲ್ಲಿ ಉಜ್ಜಿ ಉಜ್ಜಿ ಹರಿಯಿತು. ತೆಳು ದಾರ, ತೆಳು ಬಟ್ಟೆ ಇದ್ದರೆ 11 ನಂಬರು ಸರಿ. ನಮ್ಮ ಕೌದಿಗೆ 14 ಎಂದು ತೀರ್ಮಾನ ಮಾಡಿದೆವು.

ಕೊನೆಯ ಚೌಕದಲ್ಲಿ ವ್ಯಾಡಿಂಗನ್ನು ಮಗುಚಿ ಹಾಕಿದೆವು. ಇದರ ಹಿಂದೆ ಒಂದು ಸ್ವಾರಸ್ಯ ಇದೆ. ಕೆಲವು ಬಗೆಯ ವ್ಯಾಡಿಂಗನ್ನು ಕಾರ್ಖಾನೆಯಲ್ಲಿ ಮುಳ್ಳಿನಂಥ ಅಂಚುಳ್ಳ ಸಾವಿರಾರು ಸೂಜಿಗಳಿಂದ ಚುಚ್ಚಿ ಚುಚ್ಚಿ ಎಳೆಗಳನ್ನು ಹೆಣೆದಿರುತ್ತಾರೆ. ಸೂಜಿ ಒಳಹೊಕ್ಕ ಬದಿಯಲ್ಲಿ ಸಣ್ಣ ಗುಳಿಗಳು, ಹೊರಬಿದ್ದ ಬದಿಯಲ್ಲಿ ಸಣ್ಣ ಉಬ್ಬುಗಳು ಕಾಣುತ್ತವೆ. ಗುಳಿಯ ಬದಿ ಮೇಲೆ ಇರಬೇಕು. ಆಗ ನಮ್ಮ ಸೂಜಿಯೂ ಕಾರ್ಖಾನೆಯ ಸೂಜಿ ಹೋದ ದಿಕ್ಕಿಗೇ ಹೋಗುತ್ತದೆ. ಬೆಕ್ಕಿನ ಬೆನ್ನನ್ನು ಕೂದಲು ಮಲಗಿದ ದಿಕ್ಕಿಗೆ ಸವರಿದ ಹಾಗೆ. ನಾವು ತಿಳಿಯದೆ ಉಬ್ಬಿನ ಬದಿಯನ್ನು ಮೇಲೆ ಮಾಡಿದ್ದೆವು! ಮಗುಚಿ ಹಾಕಿ, 14 ನಂಬರಿನ ಸೂಜಿಯಲ್ಲಿ ಹೊಲಿದಾಗ ಸಿಕ್ಕದ್ದು 3 ಚುಕ್ಕೆ. ಕೌದಿಯಲ್ಲಿ ಅದನ್ನು ಈಗ ಮಗುಚುವಂತಿರಲಿಲ್ಲ. ಮುಂದಿನ ಸಲಕ್ಕೆಂದು ಪುಸ್ತಕದಲ್ಲಿ ಬರೆದಿಟ್ಟಳು.

ಇನ್ನೆರಡು ಮಾತನ್ನೂ ಅವಳು ಬರೆದುಕೊಂಡಳು. ಒಂದು, ಅಸ್ತರಿನ ಬಟ್ಟೆ ಕೊಳ್ಳುವಾಗ ಬೆಳಕಿಗೆ ಹಿಡಿದು ನೋಡಬೇಕು. ನೇಯ್ಗೆ ಸಡಿಲಾಗಿ ಜಾಳುಜಾಳಾಗಿ ಕಂಡರೆ ಅದು ಬೇಡ, ಒತ್ತಾಗಿ ನೇಯ್ದದ್ದು ಬೇಕು. ಇನ್ನೊಂದು, ಕಡು ಬಣ್ಣದ ಬಟ್ಟೆಯ ಕೆಳಗೆ ಬಿಳಿ ವ್ಯಾಡಿಂಗ್ ಹಾಕಿದರೆ ಒಂದೇ ಎಳೆ ಬಂದರೂ ಎದ್ದು ಕಾಣುತ್ತದೆ. ಕಪ್ಪು ಅಥವಾ ಬೂದು ವ್ಯಾಡಿಂಗ್ ಸಿಕ್ಕರೆ ಅದನ್ನು ಹಾಕಬೇಕು. ಸಿಗದಿದ್ದರೆ ತಿಳಿಬಣ್ಣದ ಅಥವಾ ಹೂವಿನ ಅಚ್ಚಿನ ಅಸ್ತರು ಆರಿಸಿಕೊಳ್ಳಬೇಕು.

ಪುಸ್ತಕ ಮುಚ್ಚುವ ಮೊದಲು ನಾನು ಹೇಳಲೇಬೇಕಾದ ಮಾತೊಂದು ಉಳಿದಿತ್ತು. 'ತಪ್ಪು ನಂದು, ತಂಗಿ. ಸೂಜಿ ಬದಲಾ ಮಾಡೋಣು ಅಂತ ನೀ ಅವತ್ತ ಕೇಳಿದ್ದಿ. ನಾನ ಬ್ಯಾಡ ಅಂದೆ. ಆಮ್ಯಾಲೆ ನಿನಗ ಬೈದೆ' ಎಂದೆ. ಅವಳು ಪೆನ್ನಿನ ಮುಚ್ಚಳ ತೆಗೆದು ಹಾಕಿ ಮಾಡುತ್ತ ಸ್ವಲ್ಪ ಹೊತ್ತು ಕುಳಿತಳು. ಆಮೇಲೆ, 'ಹಂಗಾರ ಇವತ್ತ ಒಗ್ಗರಣಿ ಅವಲಕ್ಕಿ ಮಾಡ್ತೀಯೇನು?' ಎಂದಳು. ಮಾಡಿದೆ. ಶೇಂಗಾ ಸ್ವಲ್ಪ ಹೆಚ್ಚೇ ಹಾಕಿದೆ.

ಅಜ್ಜ-ಅಜ್ಜಿಯರೇ, ಇದು ನಿಮಗೆ ಹೇಳುವ ಮಾತು. ನಮಗೆ ಅನುಭವ ಇದೆ, ನಿಜ. ಆದರೆ ಅನುಭವದ ಜೊತೆಗೆ ಕೆಲವು ಮೊಂಡು ಸೂಜಿಗಳನ್ನೂ ನಾವು ವರ್ಷಗಟ್ಟಲೆ ಮಷೀನಿನಲ್ಲೇ ಬಿಟ್ಟಿರುತ್ತೇವೆ. ಮಗು 'ನಾ ಮಾಡಿಲ್ಲ' ಎಂದಾಗ ಒಂದು ಸಲ ಕನ್ನಡಕ ಹಾಕಿ ನೋಡುವುದರಲ್ಲಿ ನಷ್ಟವೇನೂ ಇಲ್ಲ.

ಶನಿವಾರ ಬೆಳಿಗ್ಗೆ ಮೊದಲು ಮಷೀನಿನ ಹೊಟ್ಟೆ ಸ್ವಚ್ಛ ಮಾಡಿದೆವು. ಬಾಬಿನ್ ಕೇಸಿನ ಸುತ್ತ, ತಟ್ಟೆಯ ಕೆಳಗೆ ವ್ಯಾಡಿಂಗಿನ ಧೂಳು ಕೂತಿತ್ತು, ಬ್ರಷ್ಷಿನಿಂದ ತೆಗೆದೆವು. 14 ನಂಬರಿನ ಹೊಸ ಸೂಜಿ ಹಾಕಿ, ಪಾದ ಎತ್ತಿ ದಾರ ಪೋಣಿಸಿ, ಉಳಿದ 11 ಸಾಲುಗಳನ್ನು ಹೊಲಿದಳು. ಎರಡೆರಡು ಸಾಲಿಗೊಮ್ಮೆ ತಿರುವಿ ನೋಡುತ್ತಿದ್ದಳು. ಅಲ್ಲೊಂದು ಇಲ್ಲೊಂದು ಚುಕ್ಕೆ, ಅಷ್ಟೇ.

ಮೊದಲ 9 ಸಾಲುಗಳದು ಬೇರೆ ಆರೈಕೆ. ದಾರ ಸಡಿಲಾಗಿದ್ದ ಎರಡು ಸಾಲುಗಳು ಅದೃಷ್ಟಕ್ಕೆ ಅಂಗಿಯ ತುಂಡುಗಳ ಮೇಲೇ ಬಂದಿದ್ದವು. ಅವನ್ನು ಮಾತ್ರ ಬಿಚ್ಚಿ ಮತ್ತೆ ಹೊಲಿದೆವು. ಉಳಿದ ಏಳು ಸಾಲನ್ನು ಬಿಚ್ಚಲಿಲ್ಲ. ಮೊಮ್ಮಗ ಬಂದು, 'ನೀಲಿ ಶಾಯಿ ಹಚ್ಚಿಬಿಡ್ರಿ' ಎಂದು ಉಪಾಯ ಹೇಳಿದ. ಪೆನ್ನಿನ ಶಾಯಿ ಒಗೆದಾಗ ಹರಡಿದರೆ ತಲೆಹೊಟ್ಟು ಹೋಗಿ ಕಜ್ಜಿ ಬಂದಂತಾಗುತ್ತದೆ ಎಂದು ಅವನನ್ನು ಅಟ್ಟಿದೆ.

ನಾವು ಮಾಡಿದ್ದು ಇಷ್ಟು. ಚಿಕ್ಕ ಎಳೆಗಳನ್ನು ಮೊಂಡು ತುದಿಯ ಕೈಸೂಜಿಯಿಂದ ಅದೇ ತೂತಿನೊಳಕ್ಕೆ ಮೆಲ್ಲಗೆ ತಳ್ಳಿ, ಆ ಜಾಗವನ್ನು ಉಗುರಿನಿಂದ ಆಚೀಚೆ ಉಜ್ಜಿದೆವು. ಉಜ್ಜಿದಾಗ ನೇಯ್ಗೆಯ ಎಳೆಗಳು ಸರಿದು ಬಂದು ತೂತು ಮುಚ್ಚಿಕೊಳ್ಳುತ್ತದೆ. ನಾನು ಎಳೆದು ಮಾಡಿದ ಬೆಕ್ಕಿನ ಮೀಸೆಯಂಥ ಉದ್ದ ಎಳೆಗಳನ್ನು ಎಳೆಯದೆ, ಸಣ್ಣ ಕತ್ತರಿಯಿಂದ ಬಟ್ಟೆಯ ಮಟ್ಟಕ್ಕೆ ಕತ್ತರಿಸಿದೆವು. ಮಧ್ಯಾಹ್ನ ತಣ್ಣೀರಿನಲ್ಲಿ ಸ್ವಲ್ಪ ಸೋಪು ಹಾಕಿ ಕೈಯಲ್ಲೇ ಒಗೆದು, ಹಿಂಡದೆ ನೀರು ಒತ್ತಿ ತೆಗೆದು ತಂತಿಯ ಮೇಲೆ ಹರವಿದೆವು. ಹತ್ತಿ ಬಟ್ಟೆ ಮೊದಲ ಸಲ ನೀರು ಕಂಡಾಗ ಸ್ವಲ್ಪ ಕುಗ್ಗುತ್ತದೆ. ಸೂಜಿಯ ತೂತುಗಳೂ ಕಿರಿದಾಗುತ್ತವೆ. ಆರಿದ ಮೇಲೆ ನೋಡಿದರೆ ಹೆಚ್ಚಿನ ಚುಕ್ಕೆಗಳು ಮಾಯ. ಎಲ್ಲವೂ ಅಲ್ಲ. ಮೊದಲ ಸಾಲುಗಳಲ್ಲಿ ಹುಡುಕಿದರೆ ಇನ್ನೂ ಕೆಲವು ಸಿಗುತ್ತವೆ.

ಭಾನುವಾರ ಮೊಮ್ಮಗ ಕೌದಿಯನ್ನು ಬ್ಯಾಗಿಗೆ ತುಂಬುವಾಗ ತಂಗಿ ಹಿಂದಿನ ಬದಿ ತೋರಿಸಿ, 'ಈ ಅರ್ಧ ಹಳೇ ಸೂಜೀದು, ಈ ಅರ್ಧ ಹೊಸಾದು' ಎಂದು ವಿವರಿಸಿದಳು. ಅವನು ಎರಡೂ ಬದಿ ನೋಡಿ, 'ನನಗೇನೂ ಫರಕ್ ಕಾಣವಲ್ಲದು' ಎಂದ. ಅವಳಿಗೆ ಸಿಟ್ಟೇ ಬಂತು. ಎರಡು ದಿನ ಅಷ್ಟು ಎಣಿಸಿದವಳು! ಹೊರಡುವವರೆಗೂ ಮಾತು ಬಿಟ್ಟಿದ್ದಳು. ಬಸ್ಸು ಹೊರಟ ಮೇಲೆ ಮಾತ್ರ ಅದು ತಿರುಗುವವರೆಗೂ ಕೈ ಬೀಸುತ್ತ ನಿಂತಿದ್ದಳು.

ಈಗ ನನ್ನ ಮಷೀನಿನ ಮೇಲೆ ಒಂದು ಚೀಟಿ ಅಂಟಿದೆ. ಸೂಜಿ ಬದಲಾಯಿಸಿದ ತಾರೀಖು ಅದರಲ್ಲಿದೆ, ಅಕ್ಷರ ಮೊಮ್ಮಗಳದು. ಹಳೆಯ ಸೂಜಿಗಳನ್ನು ಹಾಕಲು ಖಾಲಿ ಗುಳಿಗೆ ಡಬ್ಬಿಯೊಂದನ್ನು ಪಕ್ಕದಲ್ಲಿ ಇಟ್ಟಿದ್ದಾಳೆ. ಕಸದ ಬುಟ್ಟಿಗೆ ಹಾಗೇ ಎಸೆದರೆ ಕಸ ಒಯ್ಯುವವರ ಕೈಗೆ ಚುಚ್ಚೀತು. ಮೊದಲು ಒಳಗೆ ಬಿದ್ದದ್ದು ಆ ಹಳೆಯ 16 ನಂಬರಿನ ಸೂಜಿ.

ಮಕ್ಕಳೇ, ಈ ವಾರ ನೀವೂ ಒಂದು ಅಂಗೈಯಗಲದ ಕೌದಿ ಮಾಡಿ ನೋಡಿ. ಮಷೀನು ಇರುವ ಮನೆಯಾದರೆ ದೊಡ್ಡವರು ಪಕ್ಕದಲ್ಲಿರಲಿ. ಸೂಜಿ ಬದಲಾಯಿಸುವಾಗ, ದಾರ ಪೋಣಿಸುವಾಗ ಮೋಟಾರಿನ ಸ್ವಿಚ್ಚು ಆರಿಸಿರಬೇಕು. ಹೊಲಿದ ಮೇಲೆ ಮೊದಲು ಹಿಂದೆ ತಿರುವಿ ನೋಡಿ. ಚುಕ್ಕೆ ಕಂಡರೆ ಎಳೆಯಬೇಡಿ. ಅದು ದಾರವೋ ಅರಳೆಯೋ ಎಂದು ಪಿನ್ನಿನಿಂದ ಕೇಳಿ. ಆಮೇಲೆ ಒಂದೊಂದನ್ನೇ ಬದಲಾಯಿಸಿ. ಮಷೀನು ಇಲ್ಲದಿದ್ದರೆ ಬೇಸರ ಬೇಡ. ಹಳೆಯ ಧೋತರದ ಎರಡು ತುಂಡು, ಒಂದು ಕೈಸೂಜಿ, ಒಂದು ದಾರ ಸಾಕು.

ಮುಂದಿನ ವಾರ ತಪ್ಪದೆ ರಫು. ಮೊಣಕಾಲಿನಲ್ಲಿ ಹರಿದ ಪ್ಯಾಂಟು ಒಂದನ್ನು ಹುಡುಕಿ ಇಟ್ಟುಕೊಂಡಿರಿ. ನಿಮ್ಮ ಮನೆಯಲ್ಲಿ ಅದಕ್ಕೇನೂ ಬರ ಇರಲಾರದು!